ಸರಾಸರಿ ಮತ್ತು ನಡುವಿನ ಮನೆ

ಹಾಲಿನ ಲೆಕ್ಕ ಬರೆಯುವ ಗೃಹಿಣಿಯಿಂದ ಹಿಡಿದು ಆಯವ್ಯಯ ಮಂಡಿಸುವ ಮಂತ್ರಿಗಳವರೆಗೆ ಎಲ್ಲರ ಬಾಯಲ್ಲೂ ದಿನನಿತ್ಯ ಸುಳಿಯುವ ಮಾತು ‘ಸರಾಸರಿ’. ಮಳೆ ಸರಾಸರಿಗಿಂತ ಕಡಿಮೆಯಾಯಿತು, ಮಗನ ಅಂಕ ಸರಾಸರಿಗಿಂತ ಹೆಚ್ಚಾಯಿತು, ನಮ್ಮವರ ಸಂಪಾದನೆ ಸರಾಸರಿ ಇಷ್ಟು ಎಂದು ನಾವು ಆಡುತ್ತಲೇ ಇರುತ್ತೇವೆ. ಆ ಒಂದು ಅಂಕಿಯೊಳಗೆ ಯಾರು ಯಾರು ಸೇರಿದ್ದಾರೆ, ಹೊಸದಾಗಿ ಒಬ್ಬರು ಬಂದು ಸೇರಿದರೆ ಅದು ಏನಾಗುತ್ತದೆ ಎಂಬುದನ್ನು ಮಾತ್ರ ವಿಚಾರಿಸುವವರು ವಿರಳ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಈ ವಿಚಾರವನ್ನು ಪಠ್ಯಪುಸ್ತಕದಲ್ಲಿ ಕಂಡದ್ದಕ್ಕಿಂತ ನಮ್ಮ ಓಣಿಯಲ್ಲಿ, ನಮ್ಮ ಮನೆಯಲ್ಲಿ ಕಂಡದ್ದೇ ಹೆಚ್ಚು. ಅದನ್ನು ಸಹೃದಯ ಓದುಗರೊಡನೆ ಹಂಚಿಕೊಳ್ಳುವುದಷ್ಟೇ ಈ ಬರಹದ ಉದ್ದೇಶ.

ಮೊದಲು ಎರಡು ಪದಗಳ ಪರಿಚಯ. ಒಂದು ಗುಂಪಿನ ಎಲ್ಲ ಬೆಲೆಗಳನ್ನು ಕೂಡಿಸಿ, ಅವು ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಬರುವುದು ಸರಾಸರಿ. ಅದೇ ಬೆಲೆಗಳನ್ನು ಕಿರಿದರಿಂದ ಹಿರಿದಕ್ಕೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತುದನ್ನು ಗುರುತಿಸಿದರೆ ಅದು ಮಧ್ಯಾಂಕ. ಸಾಲಿನಲ್ಲಿ ಸಮಸಂಖ್ಯೆಯ ಬೆಲೆಗಳಿದ್ದರೆ ನಡುವಿನ ಎರಡನ್ನು ಕೂಡಿಸಿ ಅರ್ಧ ಮಾಡಬೇಕು. ಒಂಬತ್ತನೆಯ ಇಯತ್ತೆಯ ಮಕ್ಕಳೂ ಇದನ್ನು ಐದು ನಿಮಿಷದಲ್ಲಿ ಕಲಿಯುತ್ತಾರೆ. ಇದು ಬದುಕಿನಲ್ಲಿ ಎಲ್ಲಿ ಕೈಹಿಡಿಯುತ್ತದೆ ಎಂಬುದನ್ನು ತಿಳಿಯಲು ಮಾತ್ರ ಬಹಳ ಕಾಲ ಬೇಕಾಗುತ್ತದೆ.

ದೇಣಿಗೆಯ ವಹಿ

1997ರ ಮಾತು. ನಮ್ಮ ಓಣಿಯ ಹಿರಿಯರು ಸಮುದಾಯ ಭವನಕ್ಕೆ ಹೊಂದಿಕೊಂಡಂತೆ ಒಂದು ಅಡುಗೆಮನೆ ಕಟ್ಟಿಸಲು ನಿಶ್ಚಯಿಸಿದರು. ಮದುವೆ, ತೊಟ್ಟಿಲ ಕಾರ್ಯ, ಹಬ್ಬದ ದಾಸೋಹ ಎಲ್ಲಕ್ಕೂ ಬಯಲಿನಲ್ಲಿ ಒಲೆ ಹೂಡಿ ಮಳೆಗಾಲದಲ್ಲಿ ಪಡುತ್ತಿದ್ದ ಪಾಡು ಎಲ್ಲರಿಗೂ ಸಾಕಾಗಿತ್ತು. ಮೊದಲ ವಾರ ಒಂಬತ್ತು ಮನೆಗಳವರು ತಮ್ಮ ತಮ್ಮ ಶಕ್ತ್ಯಾನುಸಾರ ದೇಣಿಗೆ ಕೊಟ್ಟರು. ವಹಿಯಲ್ಲಿ ಬರೆದ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಹೀಗಿದ್ದವು: 200, 250, 300, 300, 400, 500, 500, 550, 600 ರೂಪಾಯಿ. ಒಟ್ಟು 3,600. ಒಂಬತ್ತರಿಂದ ಭಾಗಿಸಿದರೆ ಸರಾಸರಿ 400. ಸಾಲಿನ ಐದನೆಯದು, ಅಂದರೆ ಮಧ್ಯಾಂಕ, ಅದೂ 400. ಎರಡೂ ಒಂದೇ ಮಾತನ್ನು ಹೇಳುತ್ತಿದ್ದವು, ತಂಟೆಯೇ ಇರಲಿಲ್ಲ.

ಎರಡನೆಯ ವಾರ, ಓಣಿಯಿಂದ ಹೊರಹೋಗಿ ವ್ಯಾಪಾರದಲ್ಲಿ ಮುಂದೆ ಬಂದಿದ್ದ ಸದ್ಗೃಹಸ್ಥರೊಬ್ಬರು ಬಂದು, ಬಾಗಿಲು ಕಿಟಕಿಗಳ ಚೌಕಟ್ಟಿನ ಪೂರ್ಣ ಖರ್ಚು ತಮ್ಮದೆಂದು ಹೇಳಿ 5,400 ರೂಪಾಯಿ ಎಣಿಸಿ ಕೊಟ್ಟರು. ಎಲ್ಲರಿಗೂ ಹರ್ಷವಾಯಿತು. ಕಾರ್ಯದರ್ಶಿಗಳು ಉತ್ಸಾಹದಿಂದ ಹೊಸ ಲೆಕ್ಕ ಮಾಡಿದರು. ಒಟ್ಟು 9,000, ಮನೆಗಳು ಹತ್ತು, ಸರಾಸರಿ 900. ಮರುದಿನ ಭವನದ ಕರಿಹಲಗೆಯ ಮೇಲೆ ಹೀಗೆ ಬರೆದಿತ್ತು: ‘ಮನೆಯೊಂದರ ಸರಾಸರಿ ದೇಣಿಗೆ ರೂ. 900. ಇದಕ್ಕಿಂತ ಕಡಿಮೆ ಕೊಟ್ಟವರು ಉಳಿದುದನ್ನು ಬೇಗನೆ ತುಂಬಬೇಕಾಗಿ ವಿನಂತಿ.’

ಕಾರ್ಯದರ್ಶಿಗಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಲೆಕ್ಕದಲ್ಲಿ ದೋಷವೂ ಇರಲಿಲ್ಲ. ಆದರೆ ಆ ಹಲಗೆಯ ಪ್ರಕಾರ ಹತ್ತು ಮನೆಗಳಲ್ಲಿ ಒಂಬತ್ತು ಮನೆಗಳು ‘ಸರಾಸರಿಗಿಂತ ಕಡಿಮೆ’ಯಾದವು. ಹಿಂದಿನ ವಾರ ಎಲ್ಲರಿಗಿಂತ ಹೆಚ್ಚು, 600 ರೂಪಾಯಿ, ಕೊಟ್ಟು ತಲೆಯೆತ್ತಿ ನಡೆದಿದ್ದವರೂ ಇನ್ನು 300 ಕೊಡಬೇಕಾದ ಬಾಕಿದಾರರಾದರು. ಗಂಡನನ್ನು ಕಳೆದುಕೊಂಡು, ಖಾನಾವಳಿಗಳಿಗೆ ಕಡಕ್ ರೊಟ್ಟಿ ಬಡಿದುಕೊಟ್ಟು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದ ತಾಯಿಯೊಬ್ಬರು ಕೊಟ್ಟದ್ದು 200 ರೂಪಾಯಿ. ಅವರ ಹೆಸರಿಗೆ 700ರ ಬಾಕಿ ನಿಂತಿತು. ಸಂಜೆ ನಮ್ಮ ಕಟ್ಟೆಯ ಹತ್ತಿರ ನಿಂತು ಅವರು ಕೇಳಿದ ಮಾತು ಇಷ್ಟೇ: “ಮಾಸ್ತರ್ರ, ಹೋದ ವಾರ ಸಾಕಾಗಿದ್ದ ರೊಕ್ಕ ಈ ವಾರ ಹ್ಯಾಂಗ ಕಡಿಮಿ ಆತರಿ? ನಾ ಏನೂ ತಿರುಗಿ ತಗೊಂಡಿಲ್ಲಲ್ಲ.”

ಇದಕ್ಕಿಂತ ಸ್ಪಷ್ಟವಾದ ಪ್ರಶ್ನೆಯನ್ನು ನನ್ನ ವರ್ಗದಲ್ಲಿ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅವರ ಇನ್ನೂರು ರೂಪಾಯಿ ಇದ್ದಲ್ಲೇ ಇತ್ತು. ಬದಲಾದದ್ದು ಪಕ್ಕದಲ್ಲಿ ಬಂದು ಕುಳಿತ ಅಂಕಿ.

ಎರಡರ ಸ್ವಭಾವ

ಮುಂದಿನ ಸಭೆಯಲ್ಲಿ ನಾನು ಹತ್ತು ಚೀಟಿಗಳ ಮೇಲೆ ಹತ್ತು ದೇಣಿಗೆಗಳನ್ನು ಬರೆದು ಜಮಖಾನೆಯ ಮೇಲೆ ಸಾಲಾಗಿ ಇಟ್ಟೆ. ನಡುವಿನ ಎರಡು ಚೀಟಿಗಳು 400 ಮತ್ತು 500. ಆದ್ದರಿಂದ ಮಧ್ಯಾಂಕ 450. ಹೊಸ ದೇಣಿಗೆ ಬಂದ ಮೇಲೆ ಸರಾಸರಿಯು 400ರಿಂದ 900ಕ್ಕೆ ನೆಗೆದಿತ್ತು. ಮಧ್ಯಾಂಕವು 400ರಿಂದ 450ಕ್ಕೆ ಅರ್ಧ ಹೆಜ್ಜೆ ಸರಿದಿತ್ತು.

ಹೀಗೇಕೆ? ಸರಾಸರಿಯು ದೂರವನ್ನು ಲೆಕ್ಕಿಸುತ್ತದೆ. ಹೊಸದಾಗಿ ಬಂದವರು ಹಿಂದಿನ ಸರಾಸರಿಗಿಂತ ಎಷ್ಟು ಹೆಚ್ಚು ತಂದರೋ ಅಷ್ಟನ್ನೂ ತಮ್ಮನ್ನು ಸೇರಿಸಿ ಎಲ್ಲರ ಎಲೆಗೂ ಸಮನಾಗಿ ಬಡಿಸಿದಂತೆ ಅದರ ರೀತಿ. 5,400ರಲ್ಲಿ ಹಿಂದಿನ 400 ಕಳೆದರೆ ಹೆಚ್ಚಳ 5,000. ಅದನ್ನು ಹತ್ತು ಎಲೆಗೆ ಬಡಿಸಿದರೆ ಒಂದೊಂದಕ್ಕೆ 500. ಹಿಂದಿನ 400ಕ್ಕೆ ಈ 500 ಸೇರಿ 900. ಕಡಿಮೆ ತಂದವರು ಬಂದರೆ ಇದೇ ರೀತಿಯಲ್ಲಿ ಎಲ್ಲರ ಎಲೆಯಿಂದಲೂ ಸ್ವಲ್ಪ ಸ್ವಲ್ಪ ತೆಗೆದಂತಾಗುತ್ತದೆ. ಸರಿಯಾಗಿ ಸರಾಸರಿಯಷ್ಟೇ ತಂದವರು ಬಂದರೆ ಅದು ಕದಲುವುದಿಲ್ಲ.

ಮಧ್ಯಾಂಕಕ್ಕೆ ದೂರದ ಗೊಡವೆಯಿಲ್ಲ. ಹೊಸಬರು ನಡುವಿನಿಂದ ಮೇಲಿನ ಕಡೆಗೆ ನಿಂತರೋ ಕೆಳಗಿನ ಕಡೆಗೆ ನಿಂತರೋ ಎಂಬುದನ್ನಷ್ಟೇ ಅದು ನೋಡುತ್ತದೆ. ಆ ದಾನಿಗಳು 5,400ರ ಬದಲು 54,000 ಕೊಟ್ಟಿದ್ದರೂ ಮಧ್ಯಾಂಕ 450 ಆಗಿಯೇ ಇರುತ್ತಿತ್ತು. ಸರಾಸರಿ ಮಾತ್ರ 5,760 ಆಗುತ್ತಿತ್ತು.

ಕಾರ್ಯದರ್ಶಿಗಳು ಸುಮ್ಮನೆ ಒಪ್ಪುವವರಲ್ಲ. “ಮಾಸ್ತರ್ರ, ನಿಮ್ಮ ಮಧ್ಯಾಂಕ ಹಿಡಕೊಂಡು ಗೌಂಡಿ ಹತ್ರ ಹೋದರ ನಡೀತೈತೇನ್ರಿ? ಅವಗ ಒಟ್ಟು ರೊಕ್ಕ ಬೇಕು” ಎಂದರು. ಮಾತು ಯಥಾರ್ಥವಾದುದು. ಸರಾಸರಿಯನ್ನು ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಕೈಯಲ್ಲಿರುವ ಒಟ್ಟು ಮೊತ್ತ ಸಿಗುತ್ತದೆ. 900ನ್ನು ಹತ್ತರಿಂದ ಗುಣಿಸಿದರೆ 9,000 ನಿಜವಾಗಿಯೂ ಪೆಟ್ಟಿಗೆಯಲ್ಲಿದೆ. ಮಧ್ಯಾಂಕವನ್ನು ಗುಣಿಸಿದರೆ 4,500 ಮಾತ್ರ. ಅದು ಪೆಟ್ಟಿಗೆಯ ಹಣವಲ್ಲ. ಇಟ್ಟಿಗೆ ಸಿಮೆಂಟು ಎಷ್ಟು ತರಿಸಬಹುದು, ಐನೂರು ಜನರ ಊಟಕ್ಕೆ ಎಷ್ಟು ಅಕ್ಕಿ ಬೇಕು ಎಂಬ ಲೆಕ್ಕಕ್ಕೆ ಸರಾಸರಿಯೇ ಬೇಕು. ಒಂದು ಸಾಮಾನ್ಯ ಮನೆಯ ಶಕ್ತಿ ಎಷ್ಟು ಎಂದು ಕೇಳುವಾಗ ಮಧ್ಯಾಂಕವನ್ನು ಕೇಳಬೇಕು. ಅಡುಗೆಮನೆಯ ಲೆಕ್ಕಕ್ಕೆ ಬೇಕಾದ ಅಂಕಿಯನ್ನು ಮನೆಗಳ ಶಕ್ತಿ ಅಳೆಯಲು ಹಲಗೆಯ ಮೇಲೆ ಬರೆದದ್ದರಿಂದ ತೊಂದರೆ ಹುಟ್ಟಿತ್ತು. ಇದನ್ನು ಕೇಳಿ ಕಾರ್ಯದರ್ಶಿಗಳೇ ಎದ್ದು ಹೋಗಿ ಹಲಗೆಯನ್ನು ಒರೆಸಿ, ‘ಒಟ್ಟು ಬಂದುದು ರೂ. 9,000, ಯಥಾಶಕ್ತಿ ಸಹಕರಿಸಬೇಕು’ ಎಂದಷ್ಟೇ ಬರೆದರು.

ಎರಡು ದಿನಗಳ ತರುವಾಯ ಕೃಷಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರೊಬ್ಬರು ಬಂದು 50 ರೂಪಾಯಿ ಕೊಟ್ಟರು. ಮೊದಲ ವಾರವೇ ಕೊಡಬೇಕೆಂದು ತೆಗೆದಿರಿಸಿದ್ದರಂತೆ. ಹಲಗೆಯ ಮೇಲಿನ 900ನ್ನು ಓದಿ, ಐವತ್ತನ್ನು ಹೇಗೆ ಕೊಡುವುದೆಂದು ಹಿಂದಿರುಗಿದ್ದರಂತೆ. ಆ ಐವತ್ತು ವಹಿಯೊಳಗೆ ಸೇರಿದಾಗ ಮನೆಗಳು ಹನ್ನೊಂದಾದವು, ಒಟ್ಟು 9,050, ಸರಾಸರಿ ಸುಮಾರು 823. ಮಧ್ಯಾಂಕವೋ, ಸಾಲಿನ ಆರನೆಯದು, ಮತ್ತೆ 400! ಮೇಲಿನ ತುದಿಯಲ್ಲಿ ಬಂದು ನಿಂತ 5,400 ನಡುವನ್ನು ಎಷ್ಟು ಮೇಲಕ್ಕೆ ಸರಿಸಿತ್ತೋ ಕೆಳಗಿನ ತುದಿಯಲ್ಲಿ ಬಂದು ನಿಂತ 50 ಅದನ್ನು ಅಷ್ಟೇ ಕೆಳಕ್ಕೆ ಸರಿಸಿ ಮೊದಲಿನ ಸ್ಥಾನಕ್ಕೆ ತಂದಿತು. ಮಧ್ಯಾಂಕದ ತಕ್ಕಡಿಯಲ್ಲಿ ದಾನಿಗಳೂ ಒಂದು ಮನೆ, ಹಮಾಲರೂ ಒಂದು ಮನೆ. ಚೌಕಟ್ಟುಗಳನ್ನು ತಂದದ್ದು ಆ 5,400. ಅದರ ಉಪಕಾರವನ್ನು ಯಾರೂ ಮರೆಯಲಿಲ್ಲ. ಆದರೆ ಓಣಿಯ ನಡು ಎಲ್ಲಿದೆ ಎಂದು ಕೇಳಿದಾಗ ಇಬ್ಬರ ಮಾತಿಗೂ ಸಮಾನ ತೂಕ ದೊರೆಯಿತು.

ಹೊಸ ಬೆಲೆಯ ತೂಕ

ಹೊಸದಾಗಿ ಬಂದ ಬೆಲೆ ಸರಾಸರಿಯನ್ನು ಎಷ್ಟು ಅಲುಗಾಡಿಸುತ್ತದೆ ಎಂಬುದು, ಮೊದಲೇ ಎಷ್ಟು ಬೆಲೆಗಳು ಇದ್ದವು ಎಂಬುದನ್ನೂ ಅವಲಂಬಿಸಿದೆ. ಮೊಮ್ಮಕ್ಕಳಿಗೆ ಇದನ್ನು ಹೇಳಲು ನಾನು ಕ್ರಿಕೆಟ್ಟಿನ ಆಶ್ರಯ ಪಡೆಯುತ್ತೇನೆ. ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ 1948ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ತಮ್ಮ ಕಟ್ಟಕಡೆಯ ಟೆಸ್ಟ್ ಇನ್ನಿಂಗ್ಸ್ ಆಡಲು ಬಂದಾಗ ಅವರ ಓಟಗಳು 6,996. ಔಟಾದದ್ದು 69 ಸಲ. ಸರಾಸರಿ 101ಕ್ಕಿಂತ ಹೆಚ್ಚು. ಕೇವಲ ನಾಲ್ಕು ಓಟ ಗಳಿಸಿ ಔಟಾಗಿದ್ದರೂ ಸರಾಸರಿ ಸರಿಯಾಗಿ 100 ಉಳಿಯುತ್ತಿತ್ತು. ಎರಿಕ್ ಹಾಲೀಸ್ ಎಸೆದ ಎರಡನೆಯ ಚೆಂಡಿಗೇ ಅವರು ಸೊನ್ನೆಗೆ ಔಟಾದರು. 6,996ನ್ನು 70ರಿಂದ ಭಾಗಿಸಿದರೆ 99.94. ಆ ಅಂಕಿ ಇಂದಿಗೂ ಅವರ ಹೆಸರಿನೊಡನೆ ಅಂಟಿಕೊಂಡಿದೆ.

ಆ ಸೊನ್ನೆ ಕಳೆದದ್ದು ಸುಮಾರು ಒಂದೂವರೆ ಅಂಶವನ್ನು ಮಾತ್ರ. ಮೊದಲ ಆಟದಲ್ಲಿ ನೂರು ಹೊಡೆದ ಹುಡುಗನೊಬ್ಬ ಎರಡನೆಯ ಆಟದಲ್ಲಿ ಸೊನ್ನೆಗೆ ಔಟಾದರೆ ಅವನ ಸರಾಸರಿ ನೂರರಿಂದ ಐವತ್ತಕ್ಕೆ ಇಳಿಯುತ್ತದೆ. ಅದೇ ಸೊನ್ನೆ, ಆದರೆ ಹಿಂದೆ ನಿಂತ ಆಟಗಳು ಕಡಿಮೆ. ಎಳೆಯ ವಯಸ್ಸಿನಲ್ಲಿ ಒಂದು ಪರೀಕ್ಷೆಯಲ್ಲಿ ಸೋತ ಮಕ್ಕಳನ್ನು ನೋಡುವಾಗ ತಂದೆತಾಯಿಗಳು ಇದನ್ನು ನೆನೆಯುವುದು ಲೇಸು. ಮುಂದಿನ ಪರೀಕ್ಷೆಗಳು ಬಂದು ಸೇರಿದಂತೆಲ್ಲ ಆ ಒಂದು ಅಂಕಿಯ ತೂಕ ತಾನಾಗಿ ಹಗುರವಾಗುತ್ತ ಹೋಗುತ್ತದೆ.

ಆಯಿಯ ಎಂಟನೆಯ ಕೂಸು

ಇಷ್ಟರಿಂದ, ಮಧ್ಯಾಂಕವು ಎಂದೂ ಕದಲದ ಬಂಡೆಯೆಂದು ಓದುಗರು ಭಾವಿಸಬಾರದು. ಅದು ಕುಸಿದದ್ದನ್ನೂ ನಾನು ಬಲ್ಲೆ.

ನಮ್ಮ ಆಯಿ, ಅಂದರೆ ತಂದೆಯ ತಾಯಿ, ಹೆತ್ತ ಮಕ್ಕಳೆಷ್ಟು ಎಂದು ಕೇಳಿದರೆ ಅಜ್ಜ ‘ಏಳು’ ಎನ್ನುತ್ತಿದ್ದರು. ಆಯಿ ‘ಎಂಟು’ ಎನ್ನುತ್ತಿದ್ದಳು. ಒಂದು ಕೂಸು ಹನ್ನೊಂದು ದಿನ ಬದುಕಿ, ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಹೆಸರಿಲ್ಲದ ಕೂಸನ್ನು ಅಜ್ಜ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಹೆತ್ತವಳು ಬಿಡಲಿಲ್ಲ. ಆಯಿಯ ಮಕ್ಕಳೆಲ್ಲರೂ ಹೋದ ಮೇಲೆ ಒಂದು ದಿನ ನಾನು ಅವರು ಬಾಳಿದ ವರ್ಷಗಳನ್ನು ಬರೆದು ನೋಡಿದೆ. ಪೂರ್ಣ ವರ್ಷಗಳನ್ನಷ್ಟೇ ಎಣಿಸಿದರೆ, ಅಜ್ಜನ ಏಳು ಮಕ್ಕಳದು ಹೀಗೆ: 0, 1, 2, 64, 70, 75, 82. ಕಡೆಯವರು ನನ್ನ ತಂದೆ. ಒಟ್ಟು 294, ಸರಾಸರಿ 42, ಮಧ್ಯಾಂಕ 64.

ನಲವತ್ತೆರಡನೆಯ ವಯಸ್ಸಿನ ಆಸುಪಾಸಿನಲ್ಲಿ ನಮ್ಮ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ. ಒಂದೋ ತೊಟ್ಟಿಲಲ್ಲೇ ಹೋದರು, ಇಲ್ಲವೇ ಮೊಮ್ಮಕ್ಕಳನ್ನು ಆಡಿಸಿ ಹೋದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತೆಂದು ಓದಿದಾಗ, ಆಗ ಎಲ್ಲರೂ ಮೂವತ್ತೆರಡಕ್ಕೇ ಮುದುಕರಾಗುತ್ತಿದ್ದರೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ನಡುವಯಸ್ಸಿನಲ್ಲಿ ರೋಗರುಜಿನಗಳಿಗೆ ಬಲಿಯಾದವರೂ ಅನೇಕರಿದ್ದರು ನಿಜ. ಆದರೆ ಆ ಅಂಕಿಯನ್ನು ಅಷ್ಟು ಕೆಳಕ್ಕೆ ಎಳೆದದ್ದು ಬಹುಮಟ್ಟಿಗೆ ಹಸುಳೆಗಳ ಸಾವು. ಇಂದು ಆ ಅಂಕಿ 70ರ ಹತ್ತಿರ ಬಂದಿರುವುದಕ್ಕೆ ಲಸಿಕೆ, ಶುದ್ಧನೀರು, ಸುರಕ್ಷಿತ ಹೆರಿಗೆಗಳಿಂದ ಉಳಿದುಕೊಂಡ ಕೂಸುಗಳೇ ಒಂದು ದೊಡ್ಡ ಕಾರಣ.

ಇನ್ನು ಆಯಿಯ ಲೆಕ್ಕ. ಎಂಟನೆಯ ಕೂಸನ್ನು ಸೇರಿಸಿದರೆ ಸಾಲು 0, 0, 1, 2, 64, 70, 75, 82 ಎಂದಾಗುತ್ತದೆ. ಒಟ್ಟು ಅದೇ 294. ಸರಾಸರಿ 42ರಿಂದ ಸುಮಾರು 37ಕ್ಕೆ ಇಳಿಯಿತು. ಮಧ್ಯಾಂಕವು, 2 ಮತ್ತು 64ರ ನಡುವೆ, 33ಕ್ಕೆ ಬಿದ್ದಿತು! ಒಂದೇ ಒಂದು ಹೊಸ ಬೆಲೆಯಿಂದ ಅರವತ್ತನಾಲ್ಕು ಮೂವತ್ತಮೂರಾಯಿತು. ಓಣಿಯ ವಹಿಯಲ್ಲಿ ನಡುವಿನ ಸುತ್ತಮುತ್ತ ಮನೆಗಳು ಒತ್ತೊತ್ತಾಗಿ ಇದ್ದುದರಿಂದ ಮಧ್ಯಾಂಕ ಸರಿದರೂ ಪಕ್ಕದ ಮನೆಗೇ ಸರಿಯಿತು. ನಮ್ಮ ಮನೆತನದ ಸಾಲಿನಲ್ಲಿ 2ಕ್ಕೂ 64ಕ್ಕೂ ನಡುವೆ ಯಾರೂ ಇರಲಿಲ್ಲ. ಅಲ್ಲಿ ಒಂದು ಕಂದಕವಿತ್ತು. ನಡು ಅದರ ಅಂಚಿನಲ್ಲಿ ನಿಂತಿತ್ತು. ಹನ್ನೊಂದು ದಿನದ ಕೂಸು ಬಂದು ಸೇರಿದೊಡನೆ ಅದರೊಳಕ್ಕೆ ಜಾರಿತು.

ಆದುದರಿಂದ ಯಾವ ಅಂಕಿಯನ್ನು ಆರಿಸುತ್ತೇವೆ ಎಂಬುದರಷ್ಟೇ ಮಹತ್ವದ್ದು ಯಾರನ್ನು ಎಣಿಸುತ್ತೇವೆ ಎಂಬುದು. ಆ ಕೂಸನ್ನು ಬಿಟ್ಟರೆ ನಮ್ಮದು ದೀರ್ಘಾಯುಷಿಗಳ ಮನೆತನ. ಸೇರಿಸಿದರೆ ಅರ್ಧಕ್ಕರ್ಧ ಮಕ್ಕಳನ್ನು ಮಣ್ಣಿಗೆ ಕೊಟ್ಟ ಮನೆತನ. ಎರಡನೆಯದೇ ಸತ್ಯ. ಅದನ್ನು ಬರೆದಿಟ್ಟುಕೊಳ್ಳಲು ಅಕ್ಷರ ಬಾರದ ಆಯಿ ಕಡೆಯವರೆಗೂ ನೆನಪಿನಲ್ಲಿ ಎಣಿಸುತ್ತಿದ್ದಳು.

ಹೊಲದ ಲೆಕ್ಕ

ಹೊಸ ಬೆಲೆಗಳು ಹೊರಗಿನಿಂದಲೇ ಬರಬೇಕೆಂದಿಲ್ಲ. ಇದ್ದುದೇ ಒಡೆದು ಎರಡಾದರೂ ಸಾಲು ಬೆಳೆಯುತ್ತದೆ. ಅಣ್ಣತಮ್ಮಂದಿರು ಬೇರೆಯಾಗಿ ಹೊಲವನ್ನು ಪಾಲು ಮಾಡಿಕೊಂಡಾಗ ಭೂಮಿ ಹೆಚ್ಚುವುದಿಲ್ಲ, ಹಿಡುವಳಿಗಳ ಸಂಖ್ಯೆ ಹೆಚ್ಚುತ್ತದೆ. 1970-71ರ ಕೃಷಿ ಗಣತಿಯಲ್ಲಿ ನಮ್ಮ ದೇಶದ ಸಾಗುವಳಿ ಹಿಡುವಳಿಗಳು ಸುಮಾರು 7.1 ಕೋಟಿ; ಅವುಗಳ ಸರಾಸರಿ ವಿಸ್ತೀರ್ಣ 2.28 ಹೆಕ್ಟೇರ್. 2015-16ರ ಗಣತಿಯ ವೇಳೆಗೆ ಹಿಡುವಳಿಗಳು 14.6 ಕೋಟಿಯನ್ನು ಮುಟ್ಟಿದವು; ಸರಾಸರಿ 1.08 ಹೆಕ್ಟೇರಿಗೆ ಇಳಿಯಿತು.

ಈ 1.08 ಕೂಡ ನಡುವಿನ ರೈತನದಲ್ಲ. ಅದೇ ಗಣತಿಯಂತೆ ನೂರಕ್ಕೆ ಅರವತ್ತೆಂಟು ಹಿಡುವಳಿಗಳು ಒಂದು ಹೆಕ್ಟೇರಿಗಿಂತ, ಅಂದರೆ ಸುಮಾರು ಎರಡೂವರೆ ಎಕರೆಗಿಂತ, ಚಿಕ್ಕವು. ಹಾಗಿದ್ದ ಮೇಲೆ ಸಾಲಿನ ನಟ್ಟನಡುವಿನ ಹಿಡುವಳಿ ಒಂದು ಹೆಕ್ಟೇರಿಗಿಂತ ಕಡಿಮೆಯೇ ಇರಬೇಕಷ್ಟೆ. ಮೇಲಿನ ತುದಿಯ ಕೆಲವೇ ದೊಡ್ಡ ಹಿಡುವಳಿಗಳು ಸರಾಸರಿಯನ್ನು ಎತ್ತಿ ಹಿಡಿದಿವೆ. ತಲಾ ಆದಾಯದ ಅಂಕಿಯೂ ಇದೇ ಜಾತಿಯದು. ಅದು ಒಟ್ಟನ್ನು ತಲೆಗಳಿಂದ ಭಾಗಿಸಿದ್ದೇ ಹೊರತು ನಡುವಿನ ಮನೆಯ ಗಳಿಕೆಯಲ್ಲ.

ಲಗ್ನದ ಖರ್ಚು

ಕಡೆಯದಾಗಿ, ನಮ್ಮ ಮನೆಗಳನ್ನು ಸುಡುತ್ತಿರುವ ಒಂದು ವಿಚಾರಕ್ಕೆ ಬರುತ್ತೇನೆ. ಒಂದು ಬಳಗದಲ್ಲಿ ಐದು ಮದುವೆಗಳಾದವೆಂದು ಭಾವಿಸೋಣ. ಖರ್ಚು ಕ್ರಮವಾಗಿ 2, 2.5, 3, 3.5, 4 ಲಕ್ಷ. ಸರಾಸರಿ 3, ಮಧ್ಯಾಂಕವೂ 3. ಆರನೆಯ ಮದುವೆಯನ್ನು ಸಿರಿವಂತರೊಬ್ಬರು 15 ಲಕ್ಷದಲ್ಲಿ ಮಾಡಿದರು. ಸರಾಸರಿ ಒಮ್ಮೆಗೇ 5 ಲಕ್ಷವಾಯಿತು, ಮಧ್ಯಾಂಕ 3.25 ಲಕ್ಷ. ಇಲ್ಲಿಯವರೆಗೆ ಬಳಗದ ನಡು ಕೆಟ್ಟಿಲ್ಲ.

ಆದರೆ ‘ನಮ್ಮವರಲ್ಲಿ ಈಗ ಐದು ಲಕ್ಷಕ್ಕೆ ಕಡಿಮೆ ಯಾರು ಮಾಡುತ್ತಾರೆ?’ ಎಂಬ ಮಾತು ಹುಟ್ಟುತ್ತದೆ. ಏಳನೆಯ ಮನೆಯವರು ಸಾಲ ತಂದು 5 ಲಕ್ಷ ಖರ್ಚು ಮಾಡುತ್ತಾರೆ. ಎಂಟನೆಯವರು ಹೊಲ ಅಡವಿಟ್ಟು 5 ಲಕ್ಷ. ಒಂಬತ್ತನೆಯವರೂ 5 ಲಕ್ಷ. ಈಗ ಲೆಕ್ಕ ನೋಡಿರಿ. ಸರಾಸರಿಯಷ್ಟೇ ಬೆಲೆಗಳು ಬಂದು ಸೇರಿದ್ದರಿಂದ ಸರಾಸರಿ 5 ಲಕ್ಷದಲ್ಲೇ ನಿಂತಿದೆ; ಏನೂ ಬದಲಾಗಿಲ್ಲವೆಂದೇ ಅದು ಹೇಳುತ್ತದೆ. ಮಧ್ಯಾಂಕವೋ 3.25ರಿಂದ 3.5ಕ್ಕೆ, 3.75ಕ್ಕೆ, 4 ಲಕ್ಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಸಿರಿವಂತರ ಒಂದು ಮದುವೆ ನಡುವನ್ನು ಸರಿಸಿದ್ದು ಕಾಲು ಲಕ್ಷದಷ್ಟು. ಅನುಕರಿಸಿದ ಮೂವರು ಸರಿಸಿದ್ದು ಮುಕ್ಕಾಲು ಲಕ್ಷದಷ್ಟು. ಹತ್ತನೆಯ ಮನೆಯಲ್ಲಿ ಮಗಳನ್ನಿಟ್ಟುಕೊಂಡು ಕುಳಿತ ತಂದೆಗೆ ಈಗ ಭಾರವಾಗಿರುವುದು ಆ ಹದಿನೈದು ಲಕ್ಷಕ್ಕಿಂತ ಹೆಚ್ಚಾಗಿ ತನ್ನಂಥವರೇ ಮಾಡಿದ ಐದೈದು ಲಕ್ಷ.

ಹಾಗೆಂದೇ ಎರಡರಿಂದ ನಾಲ್ಕು ಲಕ್ಷದೊಳಗೆ ಸರಳವಾಗಿ ಮದುವೆ ಮಾಡುವ ಒಂದೊಂದು ಮನೆಗೂ ಬೆಲೆಯುಂಟು. ಅಂಥ ಒಂದು ಮದುವೆ ಸರಾಸರಿಯನ್ನು ಹೆಚ್ಚು ಇಳಿಸಲಾರದು. ನಡುವನ್ನು ಮಾತ್ರ ಒಂದು ಹೆಜ್ಜೆ ಹಿಂದಕ್ಕೆ ತರಬಲ್ಲದು. ಹಿಂದೆ ಹೇಳಿದ ಐವತ್ತು ರೂಪಾಯಿ ಮಾಡಿದ್ದೂ ಇದನ್ನೇ.

ಆದ್ದರಿಂದ ಸರಾಸರಿಯ ಮಾತು ಕಿವಿಗೆ ಬಿದ್ದಾಗಲೆಲ್ಲ ಮೂರು ಪ್ರಶ್ನೆ ಕೇಳುವ ರೂಢಿಯನ್ನು ಮನೆಯ ಮಕ್ಕಳಿಗೆ ಕಲಿಸಬೇಕೆಂದು ನನ್ನ ವಿನಂತಿ. ಎಷ್ಟು ಜನರನ್ನು ಎಣಿಸಿದ್ದಾರೆ? ಸಾಲಿನ ನಡುವೆ ನಿಂತವರು ಯಾರು? ಎಣಿಸದೆ ಬಿಟ್ಟವರು ಯಾರು? ಇದಕ್ಕೆ ದೊಡ್ಡ ಗಣಿತವೇನೂ ಬೇಕಾಗಿಲ್ಲ. ಹತ್ತು ಚೀಟಿಗಳು, ಒಂದು ಜಮಖಾನೆ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.